ಮೇಷ್ಟ್ರ ಹೆಸರೇನು?

ಒಂದು ಚಿಕ್ಕ ಪರೀಕ್ಷೆಯೊಂದಿಗೆ ಈ ತಿಂಗಳ ಚಿಂತನೆಯನ್ನು ಆರಂಭಿಸೋಣ. ಒಂದು ಕ್ಷಣ ಕಣ್ಣು ಮುಚ್ಚಿ ನಿಮ್ಮ ಶಾಲಾದಿನಗಳನ್ನು ನೆನಪಿಗೆ ತಂದುಕೊಳ್ಳಿ. ನಿಮಗೆ ಅಕ್ಷರ ಕಲಿಸಿದ, ಲೆಕ್ಕ ಹೇಳಿಕೊಟ್ಟ, ಭೂಪಟ ತೋರಿಸಿದ ಶಿಕ್ಷಕ ಶಿಕ್ಷಕಿಯರಲ್ಲಿ ಎಷ್ಟು ಜನರ ಪೂರ್ಣ ಹೆಸರು ನಿಮಗೆ ಇಂದಿಗೂ ನೆನಪಿದೆ? ಈಗ ಪ್ರಶ್ನೆಯನ್ನು ತುಸು ಬದಲಿಸುತ್ತೇನೆ. ಅವರಿಗೆ ನೀವು ಇಟ್ಟಿದ್ದ ಅಡ್ಡಹೆಸರುಗಳಲ್ಲಿ ಎಷ್ಟು ನೆನಪಿವೆ? ಎರಡನೆಯ ಪ್ರಶ್ನೆಯನ್ನು ಓದುತ್ತಿರುವಂತೆಯೇ ನಿಮ್ಮ ಮುಖದಲ್ಲಿ ನಗು ಮೂಡಿರಬೇಕು. ನಗಿರಿ, ತಪ್ಪಿಲ್ಲ. ಆದರೆ ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭವಾಗಿ ಬಾರದಿದ್ದರೆ, ನನ್ನೊಡನೆ ಇನ್ನು ಸ್ವಲ್ಪ ದೂರ ಬನ್ನಿ.

ಶಿಕ್ಷಕರಿಗೆ ಅಡ್ಡಹೆಸರು ಇಡದ ಶಾಲೆಯನ್ನು ನಾನಂತೂ ಕಂಡಿಲ್ಲ. ಮಾತಿಗೊಮ್ಮೆ ‘ಅಂದರೆ’ ಎನ್ನುವವರು ‘ಅಂದ್ರೆ ಮೇಷ್ಟ್ರು’ ಆಗುತ್ತಾರೆ. ಬಿರುಸಾಗಿ ನಡೆಯುವ ಶಿಕ್ಷಕಿ ‘ಪಿ.ಟಿ. ಉಷಾ’ ಆಗುತ್ತಾರೆ. ತೆಳ್ಳಗೆ ಉದ್ದಕ್ಕಿರುವವರು ‘ನುಗ್ಗೇಕಾಯಿ’, ಬೆಳ್ಳಗೆ ಕುಳ್ಳಗಿರುವವರು ‘ಚಾಕ್‌ಪೀಸ್’, ಗದರುವ ಮುಖ್ಯೋಪಾಧ್ಯಾಯರು ಬಹುಮಟ್ಟಿಗೆ ‘ಹಿಟ್ಲರ್’. ಈ ಹೆಸರುಗಳು ಹಿರಿಯ ತರಗತಿಯಿಂದ ಕಿರಿಯ ತರಗತಿಗೆ ಪಿತ್ರಾರ್ಜಿತ ಆಸ್ತಿಯಂತೆ ಹರಿದುಬರುತ್ತವೆ. ಅಣ್ಣನಿಗೆ ಪಾಠ ಮಾಡಿದ ‘ನುಗ್ಗೇಕಾಯಿ’ ತಮ್ಮನಿಗೂ ‘ನುಗ್ಗೇಕಾಯಿ’ಯೇ, ಅಷ್ಟರಲ್ಲಿ ಅವರು ದಪ್ಪಗಾಗಿದ್ದರೂ ಸರಿಯೇ.

ಮಕ್ಕಳು ಹೀಗೇಕೆ ಮಾಡುತ್ತಾರೆ? ಬರೀ ತುಂಟತನದಿಂದ ಎಂದು ಹೇಳಿ ಮುಗಿಸುವುದು ಸರಿಯಲ್ಲ. ಶಾಲೆಯಲ್ಲಿ ಹೆಸರು ಕೂಗುವ ಅಧಿಕಾರ ಶಿಕ್ಷಕರದು. ಹಾಜರಿ ಪುಸ್ತಕ ಅವರ ಕೈಯಲ್ಲಿರುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆ ದೈಹಿಕ ಶಿಕ್ಷೆಯನ್ನು ನಿಷೇಧಿಸುವವರೆಗೆ ಬೆತ್ತವೂ ಅನೇಕರ ಕೈಯಲ್ಲಿತ್ತು. ಕೂರು ಎಂದರೆ ಕೂರಬೇಕಾದ, ಏಳು ಎಂದರೆ ಏಳಬೇಕಾದ ಮಗುವಿಗೆ ತನ್ನದೇ ಎಂದು ಹೇಳಿಕೊಳ್ಳಲು ಉಳಿಯುವುದು ಒಂದೇ ಅಧಿಕಾರ: ತನ್ನನ್ನು ಆಳುವವರಿಗೆ ಗುಟ್ಟಾಗಿ ಒಂದು ಹೆಸರು ಇಡುವುದು. ದಿನಕ್ಕೆ ಐದಾರು ಗಂಟೆ ಶಿಕ್ಷಕರನ್ನೇ ನೋಡುತ್ತ ಕುಳಿತ ಕಣ್ಣುಗಳು ಅವರ ನಡೆ, ನುಡಿ, ಉಡುಪುಗಳಲ್ಲಿ ಅವರೇ ಗಮನಿಸದ್ದನ್ನು ಗಮನಿಸುತ್ತವೆ. ಭಯವನ್ನು ನಗುವಾಗಿ ಮಾರ್ಪಡಿಸಿಕೊಳ್ಳುವ ಈ ಉಪಾಯದಲ್ಲಿ ಒಂದಿಷ್ಟು ಆರೋಗ್ಯವೂ ಇದೆ.

ಅಲ್ಲದೆ, ಇತರರು ಇಟ್ಟ ಹೆಸರುಗಳೆಲ್ಲ ಕೀಳಾದವು ಎಂದೇನೂ ಇಲ್ಲ. ನಮ್ಮ ಉತ್ತರ ಕರ್ನಾಟಕದಲ್ಲಿ ‘ಅಡ್ಡಹೆಸರು’ ಎಂದರೆ ಮನೆತನದ ಹೆಸರು ಎಂದೇ ಅರ್ಥ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಎಂಬ ಹೆಸರುಗಳನ್ನು ಆ ಮನೆತನದವರು ತಲೆಯೆತ್ತಿ ಹೇಳಿಕೊಳ್ಳುತ್ತಾರೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರನ್ನು ನಾಡು ‘ಕನ್ನಡದ ಕಣ್ವ’ ಎಂದು ಕರೆಯಿತು. ಹೆತ್ತವರು ಬಿಟ್ಟುಹೋದ ಶಕುಂತಲೆಯನ್ನು ಸಾಕಿ ಸಲಹಿದವರು ಕಣ್ವರು. ಇಂಗ್ಲಿಷಿನ ಅಧ್ಯಾಪಕರೊಬ್ಬರು ಕನ್ನಡವನ್ನು ಎತ್ತಿ ಬೆಳೆಸಿದ ಪರಿಯನ್ನು ಎರಡೇ ಪದಗಳಲ್ಲಿ ಹಿಡಿದಿಟ್ಟ ಹೆಸರು ಅದು.

ಪವಿತ್ರ ಗ್ರಂಥವನ್ನು ತೆರೆದರೂ ಇದೇ ಮಾತು. ಪ್ರಭು ಯೇಸು ಗುರುವಾಗಿದ್ದು ತಮ್ಮ ಶಿಷ್ಯರಿಗೆ ತಾವೇ ಹೊಸ ಹೆಸರು ಇಟ್ಟರು. ಬೆಸ್ತ ಸಿಮೋನನು ‘ಬಂಡೆ’ ಎಂಬರ್ಥದ ಪೇತ್ರನಾದ. ಯಕೋಬ ಮತ್ತು ಯೊವಾನ್ನ ಎಂಬ ಸಹೋದರರನ್ನು ಯೇಸು ‘ಸಿಡಿಲಮರಿಗಳು’ ಎಂದು ಕರೆದರೆಂದು ಸಂತ ಮಾರ್ಕನು ಬರೆಯುತ್ತಾನೆ. ಆ ಸೋದರರ ಮುಂಗೋಪದ ಪರಿಚಯವುಳ್ಳ ನಮಗೆ ಅದರ ಹಿಂದಿದ್ದ ಮಂದಹಾಸವನ್ನು ಊಹಿಸುವುದು ಕಷ್ಟವಲ್ಲ. ಸೈಪ್ರಸ್ಸಿನ ಜೋಸೆಫನಿಗೆ ಪ್ರೇಷಿತರು ‘ಪ್ರೋತ್ಸಾಹದ ಪುತ್ರ’ ಎಂಬರ್ಥದ ಬಾರ್ನಬ ಎಂಬ ಹೆಸರಿಟ್ಟರು; ಈಗ ಅವನ ಮೂಲ ಹೆಸರನ್ನು ಬಲ್ಲವರೇ ವಿರಳ. ‘ಕ್ರೈಸ್ತರು’ ಎಂಬ ನಮ್ಮ ಹೆಸರು ಕೂಡ ಅಂತಿಯೋಕ್ಯದಲ್ಲಿ ಮೊದಲ ಬಾರಿಗೆ ಬಳಕೆಗೆ ಬಂತೆಂದು ಪ್ರೇಷಿತರ ಕಾರ್ಯಕಲಾಪಗಳು ತಿಳಿಸುತ್ತವೆ. ಅದು ನಾವು ಇಟ್ಟುಕೊಂಡದ್ದಲ್ಲ, ನೋಡಿದವರು ಇಟ್ಟದ್ದು.

ಅಡ್ಡಹೆಸರು ಕೆಲವೊಮ್ಮೆ ಕನ್ನಡಿಯೂ ಆಗುತ್ತದೆ ಎಂಬುದನ್ನು ನಾನು ಸ್ವಂತ ಅನುಭವದಿಂದ ಬಲ್ಲೆ. ಗುರುದೀಕ್ಷೆ ಪಡೆದ ಕೆಲವು ವರ್ಷಗಳ ನಂತರ ಒಂದು ವಿದ್ಯಾರ್ಥಿನಿಲಯದ ಮೇಲ್ವಿಚಾರಣೆ ನನ್ನ ಪಾಲಿಗೆ ಬಂದಿತ್ತು. ರಾತ್ರಿ ಹತ್ತರ ನಂತರ ಕೈಯಲ್ಲಿ ಟಾರ್ಚ್ ಹಿಡಿದು ಹುಡುಗರು ಮಲಗುವ ಕೋಣೆಗಳನ್ನು ಸುತ್ತುತ್ತಿದ್ದೆ. ಒಂದು ದಿನ ಅಡುಗೆಯವರು ನಾನು ಹಿಂದೆ ನಿಂತಿರುವುದನ್ನು ಅರಿಯದೆ, ‘ಟಾರ್ಚ್ ಸ್ವಾಮಿ ಊಟಕ್ಕೆ ಬಂದರೇನ್ರೋ?’ ಎಂದು ಹುಡುಗರನ್ನು ಕೇಳಿದರು. ಮೊದಲು ಸಿಟ್ಟು ಬಂತು. ಅಂದು ರಾತ್ರಿ ಯೋಚಿಸಿದಾಗ ನಾಚಿಕೆಯಾಯಿತು. ಮಂದೆಯನ್ನು ಕಾಯುವ ಕುರುಬನಂತೆ ಸುತ್ತುತ್ತಿದ್ದೇನೆ ಎಂದು ನಾನು ಭಾವಿಸಿದ್ದೆ. ಮುಖದ ಮೇಲೆ ಬೆಳಕು ಬಿದ್ದು ಬೆಚ್ಚಿ ಎಚ್ಚರಗೊಂಡ ಹುಡುಗನ ಪಾಲಿಗೆ ನಾನು ಪಹರೆಯವನಾಗಿದ್ದೆ. ಮರುದಿನದಿಂದ ಟಾರ್ಚನ್ನು ನೆಲದ ಕಡೆಗೆ ಹಿಡಿದು ನಡೆದೆ. ಹೆಸರೇನೂ ಬಿಟ್ಟುಹೋಗಲಿಲ್ಲ. ಆದರೆ ಮುಂದಿನ ವರ್ಷ ಒಬ್ಬ ಹುಡುಗನಿಗೆ ನಡುರಾತ್ರಿ ಜ್ವರ ಏರಿದಾಗ, ‘ಟಾರ್ಚ್ ಸ್ವಾಮಿಯನ್ನು ಕರೆಯಿರಿ’ ಎಂದು ಅವನು ಹೇಳಿದ್ದು ನನ್ನ ಕಿವಿಗೂ ಬಿತ್ತು. ಆ ಹೊತ್ತಿಗೆ ಅದೇ ಹೆಸರಿನ ಧ್ವನಿ ಬದಲಾಗಿತ್ತು.

ಹಾಗಾದರೆ ತಪ್ಪು ಎಲ್ಲಿದೆ? ಅಥವಾ ತಪ್ಪು ಇದೆಯೇ?

ಅರಸರ ದ್ವಿತೀಯ ಗ್ರಂಥದಲ್ಲಿ ಒಂದು ಕಠಿಣ ಪ್ರಸಂಗವಿದೆ. ಪ್ರವಾದಿ ಎಲೀಷನು ಬೇತೇಲಿಗೆ ಹೋಗುವ ದಾರಿಯಲ್ಲಿ ಊರ ಹುಡುಗರು ಅವನ ಬೋಳುತಲೆಯನ್ನು ಹೇಳಿ ಗೇಲಿ ಮಾಡುತ್ತಾರೆ. ಅವನು ಶಪಿಸುತ್ತಾನೆ, ಕಾಡಿನಿಂದ ಎರಡು ಕರಡಿಗಳು ಬಂದು 42 ಹುಡುಗರನ್ನು ಸೀಳಿಹಾಕುತ್ತವೆ. ಒಂಬತ್ತನೆಯ ತರಗತಿಯ ಕೊನೆಯ ಪೀರಿಯಡ್ ತೆಗೆದುಕೊಂಡ ಎಷ್ಟೋ ಶಿಕ್ಷಕರು ಮನಸ್ಸಿನಲ್ಲೇ ಆ ಕರಡಿಗಳನ್ನು ಕರೆದಿರಬಹುದು! ಆದರೆ ಶಿಕ್ಷಕರ ಶಾಪಕ್ಕೆ ಅನುಮತಿಪತ್ರವೆಂದು ಆ ಪ್ರಸಂಗವನ್ನು ಯಾರೂ ಓದಬಾರದು. ದೇಹದ ಒಂದು ಕೊರತೆಯನ್ನು ಹಿಡಿದು ಒಬ್ಬ ಮನುಷ್ಯನನ್ನು ಗುಂಪಾಗಿ ಹಂಗಿಸುವುದು ಪವಿತ್ರ ಗ್ರಂಥದ ದೃಷ್ಟಿಯಲ್ಲಿ ನಗೆಯ ಮಾತಲ್ಲ ಎಂಬಷ್ಟನ್ನು ಅದರಿಂದ ತೆಗೆದುಕೊಂಡರೆ ಸಾಕು. ಪರ್ವತ ಪ್ರಬೋಧನೆಯಲ್ಲಿ ಸೋದರನನ್ನು ‘ಮೂರ್ಖ’ ಎಂದು ಹಳಿಯುವುದನ್ನು ಯೇಸು ಕೊಲೆಯ ಪ್ರಸ್ತಾಪದ ಜೊತೆಯಲ್ಲೇ ಎತ್ತಿಕೊಂಡರು ಎಂಬುದನ್ನೂ ಮರೆಯಬಾರದು.

ಈ ವಿಷಯವನ್ನು ತಣ್ಣಗೆ, ಅಳೆದು ತೂಗಿ ವಿಚಾರ ಮಾಡಿದವರು ಸಂತ ಥಾಮಸ್ ಅಕ್ವಿನಾಸರು. ಅವರಿಗೆ ಆ ಅರ್ಹತೆ ಇತ್ತು, ಏಕೆಂದರೆ ಅವರೇ ಅಡ್ಡಹೆಸರಿನ ಪೆಟ್ಟು ತಿಂದವರು. ಹದಿಮೂರನೆಯ ಶತಮಾನದ ಮಧ್ಯದಲ್ಲಿ ಅವರು ಜರ್ಮನಿಯ ಕೊಲೋನ್ ನಗರದಲ್ಲಿ ಮಹಾ ಆಲ್ಬರ್ಟರ ಶಿಷ್ಯರಾಗಿದ್ದಾಗ, ದಪ್ಪ ಮೈಯ, ಮಿತಭಾಷಿಯಾದ ಈ ತರುಣನನ್ನು ಸಹಪಾಠಿಗಳು ‘ಮೂಕ ಎತ್ತು’ ಎಂದು ಕರೆಯುತ್ತಿದ್ದರಂತೆ. ಈ ಎತ್ತಿನ ಹೂಂಕಾರ ಒಂದು ದಿನ ಜಗತ್ತಿಗೆಲ್ಲ ಕೇಳಿಸೀತೆಂದು ಗುರು ಆಲ್ಬರ್ಟರು ತರಗತಿಗೆ ಹೇಳಿದರೆಂದು ಸಂಪ್ರದಾಯ ತಿಳಿಸುತ್ತದೆ. ಗುರು ಆ ಅಡ್ಡಹೆಸರನ್ನು ಅಳಿಸಲು ಹೋಗಲಿಲ್ಲ, ಅದರ ವಿಷವನ್ನು ಮಾತ್ರ ತೆಗೆದುಹಾಕಿದರು. ಆ ‘ಮೂಕ ಎತ್ತ’ನ್ನು 1567ರಲ್ಲಿ ಜಗದ್ಗುರು ಐದನೆಯ ಪಯಸ್ಸರು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು.

ಈ ಥಾಮಸರ ಮಹಾಗ್ರಂಥವಾದ ‘ಸುಮ್ಮಾ ಥಿಯೊಲೊಜಿಯೇ’ಯ ಎರಡನೆಯ ಭಾಗದ ಉತ್ತರಾರ್ಧದಲ್ಲಿ, 75ನೆಯ ಪ್ರಶ್ನೆ ಪೂರ್ತಿಯಾಗಿ ಅಪಹಾಸ್ಯಕ್ಕೆ ಮೀಸಲಾಗಿದೆ. ಅಲ್ಲಿ ಅವರು ಮಾಡುವ ಒಂದು ವಿಂಗಡಣೆ ನಮ್ಮ ಪ್ರಶ್ನೆಗೆ ಬೀಗದ ಕೈಯಂತಿದೆ. ನಾವು ಮತ್ತೊಬ್ಬರ ಕುಂದನ್ನು ಕಂಡು ಎರಡು ಕಾರಣಗಳಿಂದ ನಗುತ್ತೇವೆ. ಒಂದು, ಆ ಕುಂದು ತನ್ನಷ್ಟಕ್ಕೆ ತಾನೇ ಚಿಕ್ಕದು ಎಂಬ ಕಾರಣದಿಂದ. ಇನ್ನೊಂದು, ಆ ವ್ಯಕ್ತಿಯೇ ಚಿಕ್ಕವನು, ಅವನಿಗೆ ನೋವಾದರೆ ಅದೇನು ಮಹಾ ಎಂದು ಬಗೆಯುವ ಕಾರಣದಿಂದ. ಮೊದಲನೆಯದು ಹಗುರವಾದ ತಪ್ಪು. ಎರಡನೆಯದರಲ್ಲಿ ನಾವು ಕುಂದನ್ನಲ್ಲ, ಮನುಷ್ಯನನ್ನೇ ಲೆಕ್ಕದಿಂದ ತೆಗೆದುಹಾಕುತ್ತೇವೆ; ಅದು ಗಂಭೀರ ಪಾಪ. ದೇವರನ್ನು, ತಂದೆತಾಯಿಯರನ್ನು, ಸಜ್ಜನರನ್ನು ಗೇಲಿ ಮಾಡುವುದರ ತೂಕ ಇನ್ನೂ ಹೆಚ್ಚು ಎನ್ನುತ್ತಾರೆ ಅವರು. ತಾಯಿತಂದೆಯರ ನಂತರದ ಸ್ಥಾನವನ್ನು ಗುರುವಿಗೆ ಕೊಟ್ಟ ನಾಡಿನವರಾದ ನಾವು ಆ ಸಾಲಿನಲ್ಲಿ ಗುರುವನ್ನು ಎಲ್ಲಿ ನಿಲ್ಲಿಸಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಅಪಹಾಸ್ಯ ಹೆಸರನ್ನು ಹೇಗೆ ನುಂಗಿಬಿಡುತ್ತದೆ ಎಂಬುದಕ್ಕೆ ಇತಿಹಾಸದಲ್ಲೇ ಒಂದು ಉದಾಹರಣೆ ಇದೆ. 1308ರಲ್ಲಿ ಅದೇ ಕೊಲೋನಿನಲ್ಲಿ ನಿಧನರಾದ ಫ್ರಾನ್ಸಿಸ್ಕನ್ ಗುರು ಜಾನ್ ಡನ್ಸ್ ಸ್ಕೋಟಸ್ ಮಹಾಮೇಧಾವಿ. ‘ಸೂಕ್ಷ್ಮಮತಿಯ ಪಂಡಿತ’ ಎಂಬುದು ಅವರ ಬಿರುದು. ಹದಿನಾರನೆಯ ಶತಮಾನದಲ್ಲಿ ಅವರ ಅನುಯಾಯಿಗಳನ್ನು ಗೇಲಿ ಮಾಡಲು ವಿರೋಧಿಗಳು ಅವರ ಹೆಸರನ್ನೇ ಬಳಸಿದರು. ಇಂಗ್ಲಿಷಿನಲ್ಲಿ ದಡ್ಡನಿಗೆ ಹೇಳುವ ‘ಡನ್ಸ್’ ಎಂಬ ಮಾತು ಹುಟ್ಟಿದ್ದು ಹೀಗೆ. 1993ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಅವರ ಧನ್ಯತೆಯನ್ನು ಅಧಿಕೃತವಾಗಿ ಸಾರಿದರು. ಆದರೂ ನಿಘಂಟಿನಲ್ಲಿ ಆ ಬೈಗುಳ ಹಾಗೆಯೇ ಉಳಿದಿದೆ.

ಇಷ್ಟು ದೂರ ಬಂದ ಮೇಲೆ, ಓದುಗರೇ, ನಾನೂ ಒಂದು ನಿವೇದನೆ ಮಾಡಬೇಕಾಗಿದೆ.

ನಾನು ಪ್ರೌಢಶಾಲೆಯಲ್ಲಿದ್ದಾಗ ನಮಗೆ ಹಿಂದಿ ಕಲಿಸುತ್ತಿದ್ದ ಮೇಷ್ಟ್ರು ವರ್ಷದ ಹನ್ನೆರಡು ತಿಂಗಳೂ ಒಂದೇ ಕಂದುಬಣ್ಣದ ಉಣ್ಣೆಯ ಕೋಟು ಧರಿಸುತ್ತಿದ್ದರು. ಅದರ ನೂಲು ಅಲ್ಲಲ್ಲಿ ಎದ್ದು ರೋಮದಂತೆ ಕಾಣುತ್ತಿತ್ತು. ಒಂದು ಜೂನ್ ತಿಂಗಳ ಮಳೆಯ ದಿನ, ತರಗತಿಯ ಗೋಡೆಯ ಮೇಲೆ ಒಂದು ಕಂಬಳಿಹುಳು ಹರಿದು ಹೋಗುತ್ತಿತ್ತು. ಮೇಷ್ಟ್ರು ನಮಗೆ ಬೆನ್ನು ಮಾಡಿ ಕಪ್ಪುಹಲಗೆಯ ಮೇಲೆ ನಿಧಾನವಾಗಿ ಬರೆಯುತ್ತ ಸಾಗಿದ್ದರು. ‘ಅಲ್ಲಿ ಇನ್ನೊಂದು’ ಎಂದು ನಾನು ಪಕ್ಕದವನ ಕಿವಿಯಲ್ಲಿ ಹೇಳಿದೆ. ಆ ನಗೆ ಬೆಂಚಿನಿಂದ ಬೆಂಚಿಗೆ ಹಬ್ಬಿತು. ಮರುದಿನ ಶಾಲೆಯ ಹಿಂಬದಿಯ ಗೋಡೆಯಲ್ಲಿ ಇದ್ದಿಲಿನಲ್ಲಿ ಬರೆದಿತ್ತು: ಕಂಬಳಿಹುಳು. ವಾರ ಕಳೆಯುವುದರೊಳಗೆ ಇಡೀ ಶಾಲೆಗೆ ಅವರು ಕಂಬಳಿಹುಳು. ಹೆಸರು ಕಟ್ಟಿದವನೆಂಬ ಕೀರ್ತಿ ನನ್ನದಾಗಿತ್ತು. ನನ್ನಂತಹ ಬಡಕಲು ಹುಡುಗನಿಗೆ ಅದು ಸಣ್ಣ ಕೀರ್ತಿಯಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ಕಂಬಳಿಹುಳು ತಾಗಿದರೆ ತುರಿಕೆಯಲ್ಲವೇ? ಮೇಷ್ಟ್ರು ಬೆಂಚುಗಳ ನಡುವೆ ನಡೆದುಹೋದಾಗ ಎರಡೂ ಬದಿಯ ಹುಡುಗರು ತೋಳು ತುರಿಸಿಕೊಳ್ಳುವುದು ಒಂದು ಆಟವಾಯಿತು. ಒಂದು ದಿನ ಅವರು ನನ್ನ ಮುಂದಿನ ಹುಡುಗನ ಬಳಿ ನಿಂತು, ಅವನ ತೋಳನ್ನು ಹಿಡಿದು ನೋಡಿ, ‘ಕಜ್ಜಿ ಆಗಿದೆಯೇನೋ? ಬೇವಿನ ಸೊಪ್ಪು ಅರೆದು ಹಚ್ಚು, ಕಡಿಮೆಯಾಗುತ್ತದೆ’ ಎಂದರು. ಇಡೀ ತರಗತಿ ಸಿಡಿದಂತೆ ನಕ್ಕಿತು. ಅವರು ಒಂದು ಕ್ಷಣ ಸುತ್ತ ನೋಡಿದರು. ಆಮೇಲೆ ಪಾಠ ಮುಂದುವರಿಸಿದರು.

ಹಲವು ವರ್ಷ ಕಳೆದು, ಗುರುಮಠದ ಅಧ್ಯಯನ ಮುಗಿಸಿ ನಾನು ಗುರುದೀಕ್ಷೆ ಪಡೆದೆ. ನಮ್ಮೂರಿನ ಧರ್ಮಕೇಂದ್ರದಲ್ಲಿ ನಡೆದ ಸನ್ಮಾನ ಸಮಾರಂಭಕ್ಕೆ ನಿವೃತ್ತರಾಗಿದ್ದ ಆ ಮೇಷ್ಟ್ರು ಬಸ್ಸಿನಲ್ಲಿ ಬಂದಿದ್ದರು. ಸಾಲಿನಲ್ಲಿ ನಿಂತು ನನ್ನ ಬಳಿಗೆ ಬಂದು, ನನ್ನ ಸ್ನಾನದೀಕ್ಷೆಯ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಮೂರನ್ನೂ ಸೇರಿಸಿ, ಹಾಜರಿ ಕೂಗುವ ಧಾಟಿಯಲ್ಲೇ ಹೇಳಿದರು. ‘ಹಾಜರಿ ಸಂಖ್ಯೆ 31. ಸರಿಯಲ್ಲವೇ ಸ್ವಾಮಿ?’ ಎಂದು ನಕ್ಕರು. ನನ್ನ ಪಕ್ಕದಲ್ಲಿದ್ದ ಪೂಜ್ಯ ಬಿಷಪರು ಅವರ ಕಡೆಗೆ ಕೈ ಚಾಚಿದರು. ‘ಇವರು ನಮ್ಮ ಹಿಂದಿ ಮೇಷ್ಟ್ರು’ ಎಂದೆ. ‘ಬಹಳ ಸಂತೋಷ, ತಮ್ಮ ಹೆಸರು?’ ಎಂದು ಬಿಷಪರು ನನ್ನ ಮುಖ ನೋಡಿದರು.

ನನಗೆ ಗೊತ್ತಿರಲಿಲ್ಲ. ಮೂರು ವರ್ಷ ಅವರ ಮುಂದೆ ಕುಳಿತಿದ್ದೆ. ನನ್ನ ಅಂಕಪಟ್ಟಿಗಳಲ್ಲಿ ಅವರ ಸಹಿ ಇತ್ತು. ನಾಲಗೆಯ ತುದಿಗೆ ಬಂದದ್ದು ಒಂದೇ ಹೆಸರು, ಅದನ್ನು ಹೇಳುವಂತಿರಲಿಲ್ಲ. ಆ ಮೌನ ಎಷ್ಟು ಹೊತ್ತು ಇತ್ತೋ ತಿಳಿಯದು. ಮೇಷ್ಟ್ರೇ ತಮ್ಮ ಹೆಸರನ್ನು ಬಿಡಿಬಿಡಿಯಾಗಿ ಹೇಳಿದರು. ಬಿಷಪರು ಮುಂದಕ್ಕೆ ಹೋದ ಮೇಲೆ ನನ್ನ ಹತ್ತಿರ ಬಾಗಿ, ‘ಇನ್ನೊಂದು ಹೆಸರೂ ಇದೆ. ಅದು ನಿಮಗೆ ಗೊತ್ತು’ ಎಂದರು. ಮುಖದಲ್ಲಿ ಕಹಿಯಿರಲಿಲ್ಲ. ನನ್ನ ಕೈ ಒತ್ತಿ ಊಟದ ಚಪ್ಪರದ ಕಡೆಗೆ ನಡೆದರು. ಅಂದೂ ಅವರು ಕೋಟು ಧರಿಸಿದ್ದರು. ಅದರ ಹಿಂದೆ ಏನು ಕಾರಣವಿತ್ತೋ, ನಾನು ಎಂದೂ ಕೇಳಲಿಲ್ಲ.

ಒಮ್ಮೆ ಅವರ ಮನೆಗೆ ಹೋಗಿ ಕ್ಷಮೆ ಕೇಳಬೇಕೆಂದುಕೊಂಡೆ. ಈ ಹಬ್ಬ ಮುಗಿಯಲಿ, ಈ ತಪಸ್ಸುಕಾಲ ಕಳೆಯಲಿ ಎಂದು ದಿನ ದೂಡಿದೆ. ಎರಡು ವರ್ಷಗಳ ನಂತರ ಅವರು ತೀರಿಕೊಂಡ ಸುದ್ದಿ ಬಂತು.

ಆತ್ಮೀಯರೇ, ಅಂದಿನಿಂದ ನನಗೆ ಈ ಪ್ರಶ್ನೆಯ ಉತ್ತರ ಸ್ಪಷ್ಟವಾಗಿದೆ. ಅಡ್ಡಹೆಸರು ಮನುಷ್ಯನ ಹೆಸರಿನ ಪಕ್ಕದಲ್ಲಿ ನಿಂತಿರುವವರೆಗೆ ಅದು ಆಟ. ಹೆಸರನ್ನು ತಳ್ಳಿ ಅದರ ಜಾಗದಲ್ಲಿ ಕುಳಿತರೆ ಅನ್ಯಾಯ. ಯೇಸು ‘ಸಿಡಿಲಮರಿಗಳು’ ಎಂದದ್ದು ಮುಖದೆದುರಿಗೇ, ಮತ್ತು ಯಕೋಬ ಯಕೋಬನಾಗಿಯೇ, ಯೊವಾನ್ನ ಯೊವಾನ್ನನಾಗಿಯೇ ಉಳಿದರು. ನಮ್ಮ ಮೇಷ್ಟ್ರು ದಿನವೂ ಬೆಳಗ್ಗೆ 54 ಮಕ್ಕಳ ಹೆಸರನ್ನು ಪೂರ್ಣವಾಗಿ, ಒಂದಕ್ಷರ ನುಂಗದೆ ಕೂಗುತ್ತಿದ್ದರು. ನಾವು 54 ಮಂದಿ ಸೇರಿ ಅವರ ಒಂದು ಹೆಸರನ್ನು ಕಾಪಾಡಲಿಲ್ಲ. ದೇವರು ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಾರೆ, ಆದ್ದರಿಂದ ಪ್ರತಿಯೊಬ್ಬರ ಹೆಸರೂ ಪವಿತ್ರ ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ತನ್ನ 2158ನೆಯ ಪರಿಚ್ಛೇದದಲ್ಲಿ ಬೋಧಿಸುತ್ತದೆ. ಗುರುಮಠದಲ್ಲಿ ನಾನು ಅದನ್ನು ಓದಿದ್ದೆ. ಅರ್ಥವಾದದ್ದು ಬಿಷಪರ ಮುಂದೆ ಮೂಕನಾಗಿ ನಿಂತಾಗ.

ಈ ಮಾತು ಶಿಕ್ಷಕರಿಗೂ ಅನ್ವಯಿಸುತ್ತದೆ. ನಾವು ಮಕ್ಕಳಿಗೆ ಇಡುವ ಹೆಸರುಗಳ ಲೆಕ್ಕ ಇಟ್ಟಿದ್ದೇವೆಯೇ? ‘ಕೋಣ’, ‘ಎಮ್ಮೆ’, ‘ಕೊನೆಯ ಬೆಂಚಿನ ಕಂಬ’ ಎಂಬ ಒಂದು ಮಾತು ತುಂಬಿದ ತರಗತಿಯಲ್ಲಿ ಶಿಕ್ಷಕರ ಬಾಯಿಂದ ಬಂದರೆ, ಅದು ಆ ಮಗುವಿನ ಬೆನ್ನಿಗೆ ಬಹುಕಾಲ ಅಂಟಿಕೊಳ್ಳುತ್ತದೆ. ಮಕ್ಕಳು ಗುಟ್ಟಾಗಿ ಇಡುತ್ತಾರೆ, ನಾವು ಅಧಿಕಾರದಿಂದ ಇಡುತ್ತೇವೆ. ಯಾವುದರ ಭಾರ ಹೆಚ್ಚೆಂದು ನೀವೇ ಹೇಳಿ.

ತಂದೆತಾಯಿಯರಲ್ಲೂ ಒಂದು ವಿನಂತಿ. ಮಗು ರಾತ್ರಿಯ ಊಟಕ್ಕೆ ಕುಳಿತಾಗ ತನ್ನ ಶಿಕ್ಷಕರ ಅಡ್ಡಹೆಸರನ್ನು ಮನೆಗೆ ಹೊತ್ತು ತರುತ್ತದೆ. ಆಗ ಕೆನ್ನೆಗೆ ಹೊಡೆಯಬೇಡಿ, ಮನಸಾರೆ ನಕ್ಕು ಪ್ರೋತ್ಸಾಹಿಸಲೂ ಬೇಡಿ. ಶಾಂತವಾಗಿ ಒಂದು ಪ್ರಶ್ನೆ ಕೇಳಿ: ‘ಹೌದಾ? ಅವರ ಹೆಸರೇನು?’ ಮಗುವಿಗೆ ಹೆಸರು ಗೊತ್ತಿಲ್ಲದಿದ್ದರೆ ನಾಳೆ ತಿಳಿದುಕೊಂಡು ಬಾ ಎನ್ನಿ. ನಮ್ಮ ಕಾಲದಲ್ಲಿ ಇದ್ದಿಲಿನ ಬರಹ ಮುಂದಿನ ಸುಣ್ಣ ಬಳಿಯುವವರೆಗೆ ಮಾತ್ರ ಉಳಿಯುತ್ತಿತ್ತು. ಇಂದು ಅದೇ ಹೆಸರು ಶಿಕ್ಷಕಿಯ ಫೋಟೋದೊಂದಿಗೆ ಸೇರಿ ವಾಟ್ಸಾಪ್ ಗುಂಪಿನಿಂದ ಗುಂಪಿಗೆ ಹರಿಯುತ್ತದೆ. ಅವರ ಸ್ವಂತ ಮಕ್ಕಳ ಮೊಬೈಲಿಗೂ ತಲುಪುತ್ತದೆ. ಅದನ್ನು ಅಳಿಸಲು ಯಾವ ಸುಣ್ಣವೂ ಇಲ್ಲ.

ಪುನರುತ್ಥಾನದ ಮುಂಜಾನೆ ಸಮಾಧಿಯ ಬಳಿ ಅಳುತ್ತ ನಿಂತಿದ್ದ ಮಗ್ದಲದ ಮರಿಯ ಯೇಸುವನ್ನು ಕಂಡರೂ ಗುರುತಿಸಲಿಲ್ಲ, ತೋಟಗಾರನೆಂದು ಭಾವಿಸಿದಳು. ಪ್ರಭು ಅವಳ ಹೆಸರನ್ನು ಕರೆದರು. ಆ ಒಂದೇ ಕರೆಗೆ ಅವಳಿಗೆ ಗುರುತು ಸಿಕ್ಕಿತು. ಅವಳ ಬಾಯಿಂದ ಹೊರಟ ಮಾತು ‘ರಬ್ಬೂನಿ’, ಅಂದರೆ ಗುರುವೇ. ಗುರು ಹೆಸರು ಹಿಡಿದು ಕರೆದರು, ಶಿಷ್ಯೆ ಗುರುವೆಂದು ಓಗೊಟ್ಟಳು.

ನವೆಂಬರ್ ತಿಂಗಳಲ್ಲಿ ನಮ್ಮ ದೇವಾಲಯಗಳಲ್ಲಿ ಮೃತರ ಹೆಸರುಗಳನ್ನು ಓದಿ ಬಲಿಪೂಜೆ ಅರ್ಪಿಸುವುದು ನಿಮಗೆ ತಿಳಿದೇ ಇದೆ. ಪ್ರತಿವರ್ಷ ನಾನು ಆ ಪಟ್ಟಿಗೆ ನನ್ನ ಕೈಯಾರೆ ಒಂದು ಹೆಸರು ಸೇರಿಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ; ಬರೆದರೆ ನಾನಿಟ್ಟ ಆ ಇನ್ನೊಂದು ಹೆಸರೂ ಅದಕ್ಕೆ ಮತ್ತೆ ಅಂಟಿಕೊಂಡೀತು. ಆದರೆ ಪೀಠದ ಮುಂದೆ ನಿಂತು ಅದನ್ನು ಬಿಡಿಬಿಡಿಯಾಗಿ, ಒಂದಕ್ಷರವನ್ನೂ ನುಂಗದೆ ಓದುತ್ತೇನೆ, ಅವರು ನಮ್ಮ ಹೆಸರುಗಳನ್ನು ಓದುತ್ತಿದ್ದ ಹಾಗೆಯೇ.

ನಿಮ್ಮ ಮೇಷ್ಟ್ರು ಇನ್ನೂ ಬದುಕಿದ್ದರೆ, ಓದುಗರೇ, ನೀವು ನನಗಿಂತ ಭಾಗ್ಯವಂತರು. ಈ ಭಾನುವಾರವೇ ಹೋಗಿ ಬನ್ನಿ.